ಹಿಂಬಾಗಿಲಕ್ಕನ ತಗಡಿನ ಕಪಾಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಾರ್ಥನಾ ಮಂದಿರದಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ತಳ್ಳಿದ ಹೆಂಗಸು ಈಗ ಪೊರಕೆ ಹಿಡಿದು ವೇದಿಕೆಯ ಮೆಟ್ಟಿಲಿಗೆ ಬರುತ್ತಾರೆ. ನಿನ್ನೆ ಸಂಜೆ ಇಲ್ಲಿ ಸ್ವಸ್ಥತೆಯ ಕೂಟ ನಡೆದಿದೆ. ಕಾಯಿಲೆ ವಾಸಿಯಾಯಿತೆಂದು ನಂಬಿದವರು ತಮ್ಮ ಔಷಧಿ, ಊರುಗೋಲು, ಕನ್ನಡಕಗಳನ್ನು ಈ ಮೆಟ್ಟಿಲ ಮೇಲೆ ಬಿಟ್ಟುಹೋಗುವುದು ಈ ಸಭೆಯ ಪದ್ಧತಿ. ಅವನ್ನೆಲ್ಲ ಹಿತ್ತಲಿನ ಡ್ರಮ್ಮಿಗೆ ಹಾಕಿ ಸುಡಬೇಕೆಂಬುದು ಬೋಧಕರ ಅಪ್ಪಣೆ. ಸುಡುವ ಕೆಲಸ ಈ ಹೆಂಗಸಿನದು. ಅವರು ಸುಡುವುದಿಲ್ಲ.

ಇವತ್ತು ಪೊರಕೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ಮೆಟ್ಟಿಲಲ್ಲಿ ಹಸಿರು ಬಟ್ಟೆಯ ಪುಟ್ಟ ಚೀಲ. ಹೊಲಿದವರು ಅವರೇ. ಒಳಗಿರುವುದು ಮೂರ್ಛೆರೋಗದ ಮಾತ್ರೆ, ತೀರಿಕೊಂಡ ತಂಗಿಯ ಮಗಳದು. ಆ ಹುಡುಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವರೂ ಅವರೇ.

“ನಿನ್ನೆ ಹಾಡೋರ ಸಾಲಲ್ಲಿ ನಿಂತಿದ್ಳು. ನಾನು ಹಿಂದುಗಡೆ ನೀರು ತುಂಬ್ತಾ ಇದ್ದೆ. ಮನೆಗೆ ಬಂದವಳು ಒಂದು ಮಾತೂ ಆಡದೆ ಮಲಗಿಬಿಟ್ಲು,” ಎನ್ನುತ್ತಾರೆ. ಚೀಲದ ದಾರ ಬಿಚ್ಚಿ ಮಾತ್ರೆಗಳನ್ನು ಎಣಿಸುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಹಿಂಬಾಗಿಲಕ್ಕ ಎಂದು. ಶೌಚಾಲಯದ ಪಕ್ಕದ ಹಿಂಬಾಗಿಲು, ಅದರ ಒಳಗೊಂದು ತಗಡಿನ ಕಪಾಟು, ಇದೇ ಅವರ ರಾಜ್ಯಭಾರ. ಮೆಟ್ಟಿಲ ಮೇಲೆ ಸಿಕ್ಕಿದ್ದೆಲ್ಲ ಅಲ್ಲಿಗೆ ಸೇರುತ್ತದೆ. ಕೂಟದ ಉತ್ಸಾಹ ಇಳಿದ ಮೇಲೆ ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಬರುತ್ತಾರೆ. ಯಾರೂ ತಮ್ಮದೆಂದು ಒಪ್ಪುವುದಿಲ್ಲ. ಕನ್ನಡಕ ಅತ್ತೆಯದಂತೆ, ಸಕ್ಕರೆ ಕಾಯಿಲೆಯ ಮಾತ್ರೆ ಪಕ್ಕದ ಮನೆಯವರದಂತೆ. ಅಕ್ಕ ಹೂಂಗುಟ್ಟಿ ಕೊಟ್ಟು ಕಳಿಸುತ್ತಾರೆ. “ಒಬ್ರು ಅಜ್ಜ ಕಿವಿ ಮೆಷಿನ್ನು ಬಿಟ್ಟು ಹೋಗಿದ್ರು. ವಾಪಸ್ ಕೇಳೋಕೆ ಬಂದಾಗ, ಇಲ್ಲೇ ಇದೆ ಕೊಡ್ತೀನಿ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ನಾನು ಇಲ್ಲ ಅಂದೆ ಅಂತ ತಿಳ್ಕೊಂಡು ಅಳ್ತಾ ಹೊರಟೇಬಿಟ್ರು. ಹಿಂದೆ ಓಡಿದೆ,” ಎಂದು ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಮೊದಲು ಅವರೂ ಸುಡುತ್ತಿದ್ದರು. ಇದೇ ಮೂರ್ಛೆರೋಗವಿದ್ದ ತಂಗಿ ತನ್ನ ಮಾತ್ರೆಗಳನ್ನು ಇದೇ ಮೆಟ್ಟಿಲ ಮೇಲಿಟ್ಟು ಹೋದಾಗ, ಅಪ್ಪಣೆಯ ಪ್ರಕಾರ ಡ್ರಮ್ಮಿಗೆ ಹಾಕಿ ಬೆಂಕಿ ಹಚ್ಚಿದರು. ಒಂದು ವಾರ ತುಂಬುವ ಮುಂಚೆ ತಂಗಿಗೆ ಬಟ್ಟೆ ಒಗೆಯುವಾಗ ಮೂರ್ಛೆ ಬಂತು. ಮೊಣಕಾಲುದ್ದದ ನೀರಿನ ತೊಟ್ಟಿಯಲ್ಲಿ ಮುಖ ಕೆಳಗಾಗಿ ಬಿದ್ದವಳನ್ನು ಎತ್ತುವವರಿರಲಿಲ್ಲ. ಮಣ್ಣು ಮಾಡುವ ದಿನ ಬೋಧಕರು, ಮನೆಯವರ ನಂಬಿಕೆ ಸಾಲದಾಯಿತು ಎಂದರು.

ಅಷ್ಟಾದರೂ ಅಕ್ಕ ಸಭೆ ಬಿಡಲಿಲ್ಲ. ಅದಕ್ಕೆ ಕಾರಣ ಕೇಳಿದರೆ ವೇದಿಕೆಯ ಮುಂದಿನ ನೆಲ ತೋರಿಸುತ್ತಾರೆ. “ಅವಳು ಹೋದ್ಮೇಲೆ ಒಂದಿನ ಇಲ್ಲೇ ನೆಲ ಒರೆಸ್ತಾ ಕುಸಿದುಬಿಟ್ಟೆ. ಯಾರೂ ಇರ್ಲಿಲ್ಲ. ಮೈಕೂ ಇಲ್ಲ, ಹಾಡೂ ಇಲ್ಲ. ಯಾರೋ ಪಕ್ಕದಲ್ಲಿ ಕೂತ್ಕೊಂಡ ಹಾಗಾಯ್ತು. ಮೈಯೆಲ್ಲ ಬಿಸಿಯಾಯ್ತು. ಕರ್ತನೇ ಅಂತ ನಂಗೆ ಗೊತ್ತು. ವೇದಿಕೆ ಮೇಲೆ ಸಾಕ್ಷಿ ಹೇಳು ಅಂದ್ರು. ಹೇಳಿದ್ರೆ ಏನು ವಾಸಿಯಾಯ್ತು ಅಂತ ಕೇಳ್ತಾರೆ. ಏನೂ ಆಗಿಲ್ವಲ್ಲ, ಈ ಹಾಳು ಮಂಡಿನೋವೂ ಹಾಗೇ ಇದೆ.”

ಕಪಾಟಿಗೆ ಬಂದವರ ಕೈಗೆ ಕೊಡುವುದಷ್ಟೇ ಅವರ ರೀತಿ. ಯಾರ ಮನೆ ಬಾಗಿಲಿಗೂ ಹೋಗಿ ಬುದ್ಧಿ ಹೇಳಿದವರಲ್ಲ. ಆದರೆ ಈ ಚೀಲದ ಹುಡುಗಿ ತಾನಾಗಿ ಬರುವವಳಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಓಡುವ ಮೆಷಿನ್ನಿನ ಸೂಜಿಯ ಮುಂದೆ ಕೂರುವ ಕೆಲಸ ಅವಳದು, ಅಲ್ಲಿ ಮೂರ್ಛೆ ಬಂದರೆ ಕೈ ಉಳಿಯದು. “ನನ್ನ ಮಾತು ಅವಳಿಗೆ ಯಾವ ಲೆಕ್ಕ? ಅಯ್ಯನವರು ಒಂದು ಮಾತು ಹೇಳಿದ್ರೆ ಕೇಳ್ತಾಳೆ,” ಎನ್ನುತ್ತಾರೆ ಅಕ್ಕ. ಹಾಗಾಗಿ ಬೆಳಗಿನ ಪ್ರಾರ್ಥನೆಗೆ ಬೋಧಕರು ಬರುವವರೆಗೆ ಬಾಗಿಲಲ್ಲೇ ಕಾಯುತ್ತಾರೆ.

ಬಂದವರ ಮುಂದೆ ಚೀಲ ಹಿಡಿಯುತ್ತಾರೆ. ಬೋಧಕರ ಮುಖ ಗಂಟಿಕ್ಕುತ್ತದೆ.

“ಇದನ್ನ ಸುಡಲಿಲ್ವಾ?”

“ಇಲ್ಲ ಅಯ್ಯನವರೇ. ಯಾರದ್ದನ್ನೂ ಸುಡ್ತಿಲ್ಲ. ನನ್ನ ಏನು ಬೇಕಾದ್ರೂ ಮಾಡಿ. ಮಗಳಿಗೆ ಮಾತ್ರ ಒಂದು ಮಾತು, ಮಾತ್ರೆ ತಗೋ ಅಂತ ಹೇಳಿ.”

“ಅದು ಅವಳಿಗೂ ದೇವರಿಗೂ ನಡುವಿನ ವಿಷಯ ಅಕ್ಕ. ನಾನು ಹೇಗೆ ಅಡ್ಡ ಬರಲಿ?”

“ಬಿಟ್ಟುಹೋಗಿ ಅಂತ ಮೈಕಲ್ಲಿ ಹೇಳೋವಾಗ ನೀವೇ ನಡುವೆ ಇದ್ರಲ್ಲ?”

ಬೋಧಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. “ಕಪಾಟಿನ ಕೀಲಿ ಕೊಟ್ಟುಹೋಗಿ. ನಾಳೆಯಿಂದ ಬೇರೆಯವರು ಗುಡಿಸ್ತಾರೆ,” ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ. ಅಕ್ಕ ಕೀಲಿ ಕೊಡದೆ ಮನೆಯ ಕಡೆ ಬಿರಬಿರನೆ ಹೊರಡುತ್ತಾರೆ.

ಅವರದು ಒಂದೇ ಕೋಣೆಯ ಮನೆ. ಹುಡುಗಿ ತಲೆ ಬಾಚಿಕೊಂಡು, ಚೀಲ ಹೆಗಲಿಗೇರಿಸಿ ಹೊರಡುವ ಆತುರದಲ್ಲಿದ್ದಾಳೆ. ಹಸಿರು ಬಟ್ಟೆ ಕಂಡದ್ದೇ ಮುಖ ತಿರುಗಿಸುತ್ತಾಳೆ.

“ಅದನ್ಯಾಕೆ ತಂದೆ ದೊಡ್ಡಮ್ಮ? ಕರ್ತ ನನ್ನ ಮುಟ್ಟಿದ. ಮೈಯೆಲ್ಲ ಬಿಸಿಯಾಯ್ತು. ನಿಂಗೂ ಹಾಗೇ ಆಗಿತ್ತು ಅಂದಿದ್ಯಲ್ಲ? ನಿಂದು ನಿಜ, ನಂದು ಸುಳ್ಳಾ?”

ಅಕ್ಕನಿಗೆ ಭಯವಾಗಿದೆ. ಲೋಟಕ್ಕೆ ನೀರು ಬಗ್ಗಿಸುತ್ತಾರೆ.

“ಸುಳ್ಳು ಅನ್ನಲ್ಲ ಕಣೇ. ನಿಮ್ಮಮ್ಮನ್ನೂ ಮುಟ್ಟಿದ್ದ.”

ಹುಡುಗಿ ಹೆಗಲ ಚೀಲ ಇಳಿಸದೆ ಹಾಸಿಗೆಯ ಅಂಚಿಗೆ ಕೂರುತ್ತಾಳೆ. ತುಟಿ ಬಿಗಿದಿವೆ, ಕಣ್ಣು ತುಂಬಿವೆ. “ಹಾಗಾದ್ರೆ ನುಂಗು ಅಂತ ನಿಂಗೆ ದೇವರು ಹೇಳಿದ್ನಾ?”

“ಇಲ್ಲ. ದೇವರ ಹೆಸರು ನಾನು ಎತ್ತಲ್ಲ. ನಾನು ಹೇಳ್ತಿದೀನಿ. ನುಂಗು.”

ಹುಡುಗಿ ಬಾಯಿ ತೆರೆಯುವುದಿಲ್ಲ. ಹೊರಗೆ ಕಾರ್ಖಾನೆಗೆ ಹೋಗುವವರ ಮಾತು, ಚಪ್ಪಲಿ ಸದ್ದು ದೂರವಾಗುತ್ತಿದೆ. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂರುತ್ತಾರೆ. ಒಂದು ಕೈಯಲ್ಲಿ ಲೋಟ, ಇನ್ನೊಂದು ಅಂಗೈಯಲ್ಲಿ ಮಾತ್ರೆ.

“ಕೆಲಸ ಹೋಯ್ತು, ಹೋಗ್ಲಿ. ಇವಳು ನುಂಗೋವರೆಗೆ ನಾನು ಇಲ್ಲಿಂದ ಏಳಲ್ಲ,” ಎನ್ನುತ್ತಾರೆ. “ನನ್ನ ಮುಖ ನೋಡದೇ ಇರ್ಲಿ, ಜೀವಮಾನವಿಡೀ ನನ್ನ ಬೈಕೊಂಡೇ ಇರ್ಲಿ. ಬದುಕಿರ್ಲಿ, ಅಷ್ಟೇ.”