ದೊಡ್ಡಮ್ಮ ಬರೆದ ಸಂಬಳದ ಫೈಲು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದೂ ಕಡಿಮೆ, ದೊಡ್ಡ ದೊಡ್ಡ ಮಾತುಗಳೂ ನನಗೆ ಬರುವುದಿಲ್ಲ. ಒಂದೊಂದು ಸಾಲನ್ನೂ ತಿರುಗಿ ಓದಿಯೇ ಮುಂದಕ್ಕೆ ಹೋಗಿದ್ದೇನೆ. ಆದರೂ ಎಲ್ಲಾದರೂ ಅರ್ಥವಾಗದಿದ್ದರೆ ಅದು ನನ್ನ ತಪ್ಪು, ದೊಡ್ಡಮ್ಮನದಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಬೂಟು ಮಾಡುವ ಕಾರ್ಖಾನೆಯಲ್ಲಿ ಎಲ್ಲರ ಸಂಬಳವನ್ನು ಬ್ಯಾಂಕಿಗೆ ಹಾಕುವುದು ಅವಳ ಕೆಲಸ. ಅವಳು ಕೂರುವ ಕೋಣೆ ಹೊಲಿಗೆಯ ಹಾಲಿನ ಮೇಲಿದೆ. ಗಾಜಿನ ಕಿಟಕಿಯಿಂದ ಬಗ್ಗಿದರೆ ಕೆಳಗೆ ಸಾಲುಸಾಲು ಯಂತ್ರಗಳು, ಅವುಗಳ ಮೇಲೆ ಬಾಗಿದ ತಲೆಗಳು. ಯಂತ್ರಗಳು ಓಡುವಾಗ ಕೋಣೆಯ ನೆಲ ಸಣ್ಣಗೆ ನಡುಗುತ್ತದೆ. ಮೇಜಿನ ಮೇಲಿಟ್ಟ ಟೀಯಲ್ಲಿ ಸದಾ ಉಂಗುರ ಏಳುತ್ತಿರುತ್ತದೆ.

ಆ ಕೋಣೆಯಲ್ಲಿ ಇದ್ದವರು ಇಬ್ಬರೇ, ದೊಡ್ಡಮ್ಮ ಮತ್ತು ವಯಸ್ಸಾದ ಕ್ಯಾಷಿಯರ್. ಸಂಬಳದ ವಾರ ಬಂತೆಂದರೆ ಕ್ಯಾಷಿಯರ್ ಒಬ್ಬೊಬ್ಬರ ಹೆಸರು, ಖಾತೆ ನಂಬರು, ಮೊತ್ತ ಎಲ್ಲವನ್ನೂ ಗಟ್ಟಿಯಾಗಿ ಓದುವರು. ದೊಡ್ಡಮ್ಮ ಅದನ್ನು ಬ್ಯಾಂಕಿನ ಪುಟದಲ್ಲಿ ಟೈಪ್ ಮಾಡಿ, ತಿರುಗಿ ಓದಿ ಹೇಳುವಳು. ಕ್ಯಾಷಿಯರ್ "ಹೂಂ" ಎಂದರೆ ಮುಂದಿನ ಹೆಸರು. ಸಂಜೆಯಾಗುವ ಹೊತ್ತಿಗೆ ಇವಳ ಬೆರಳು ಮರಗಟ್ಟಿರುತ್ತಿತ್ತು, ಅವರ ಗಂಟಲು ಕೂತಿರುತ್ತಿತ್ತು.

ಹೀಗಿರುವಾಗ ಒಂದು ದಿನ ಕಾರ್ಖಾನೆಯ ಯಜಮಾನಿ ಮೆಟ್ಟಿಲು ಹತ್ತಿ ಬಂದರು. ಅವರು ಕೆಟ್ಟವರಲ್ಲ, ಆದರೆ ನಿಂತ ಕಾಲಿನಲ್ಲೇ ಎಲ್ಲ ಮುಗಿಯಬೇಕು ಅನ್ನುವವರು.

"ಬ್ಯಾಂಕಿನವರು ಹೇಳಿಬಿಟ್ಟಿದಾರೆ. ಮುಂದಿನ ತಿಂಗಳಿಂದ ಹೀಗೆ ಒಂದೊಂದಾಗಿ ಹಾಕೋ ಹಾಗಿಲ್ಲ. ಅವರು ಹೇಳಿದ ನಮೂನೆಯಲ್ಲಿ ಎಲ್ಲರ ಸಂಬಳಾನೂ ಸೇರಿಸಿ ಒಂದೇ ಫೈಲು ಕಳಿಸ್ಬೇಕಂತೆ. ಎಲ್ಲಾ ಕಂಪನಿಗೂ ಅದೇ ನಮೂನೆ. ಹೊರಗಿನವರು ಯಾರೋ ಮಾಡ್ಕೊಡ್ತಾರಂತೆ, ಅವರಿಗೇ ವಹಿಸೋಣ ಅಂತಿದೀನಿ."

"ಹಾಗಾದ್ರೆ ನಾನು?" ಎಂದಳು ದೊಡ್ಡಮ್ಮ.

"ಅಂಟಿನ ಹಾಲಲ್ಲಿ ಜನ ಸಾಲ್ತಿಲ್ಲ. ನಿಮಗೆ ಆ ಕೆಲಸ ಗೊತ್ತೇ ಇದೆಯಲ್ಲ."

ಗೊತ್ತಿತ್ತು. ಬೂಟಿನ ಅಡಿಗೆ ಅಂಟು ಬಳಿಯುತ್ತ ಬಳಿಯುತ್ತ ಎದೆ ಕಟ್ಟಿ, ಕೆಮ್ಮು ಹತ್ತಿ, ಮೆಟ್ಟಿಲು ಹತ್ತಲಾರದೆ ಗೋಡೆ ಹಿಡಿದು ನಿಲ್ಲುವಂತಾಗಿತ್ತು. ಅದಕ್ಕೇ ಅವಳನ್ನು ಮೇಲಿನ ಕೋಣೆಗೆ ಹಾಕಿದ್ದರು.

"ನಾನೇ ಮಾಡ್ತೀನಿ ಮೇಡಂ" ಎಂಬ ಮಾತು ಅವಳ ಬಾಯಿಂದ ಜಾರಿಯೇ ಬಿಟ್ಟಿತು.

"ಏನನ್ನ?"

"ಆ ಫೈಲನ್ನ. ಅಂದ್ರೆ, ಆ ಫೈಲನ್ನ ತಾನೇ ಬರೆಯೋ ಅಂಥ ಪ್ರೋಗ್ರಾಮನ್ನ."

"ನಿಮಗೆ ಬರುತ್ತಾ?"

"ಬರಲ್ಲ. ಕಲೀತೀನಿ."

ಕ್ಯಾಷಿಯರ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಯಜಮಾನಿ ನಕ್ಕರು, ಆದರೆ ಅದು ಹಂಗಿಸುವ ನಗುವಾಗಿರಲಿಲ್ಲ. "ಸರಿ. ತಿಂಗಳ ಕೊನೇ ಶುಕ್ರವಾರ ಮಧ್ಯಾಹ್ನದೊಳಗೆ ಬ್ಯಾಂಕಿನ ಪರೀಕ್ಷೆ ಪಾಸಾಗ್ಬೇಕು. ಆಗ್ಲಿಲ್ವೋ, ಹೊರಗೆ ಕೊಡ್ತೀನಿ. ಆಮೇಲೆ ಮುಖ ಊದಿಸ್ಕೋಬಾರ್ದು."

ಮನೆಯಲ್ಲಿ ಬಸ್ಸು ಓಡಿಸುವ ದೊಡ್ಡಪ್ಪ ಇದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ. "ನೀನು ಪ್ರೋಗ್ರಾಂ ಬರೀತೀಯಾ? ಮೊನ್ನೆ ಟೀವಿ ರಿಮೋಟನ್ನ ಫ್ರಿಜ್ಜಲ್ಲಿ ಇಟ್ಟಿದ್ದೆಯಲ್ಲೇ!"

"ನೀವು ಒಂದು ಸಲನಾದ್ರೂ ಫ್ರಿಜ್ ಬಾಗಿಲು ತೆಗೀಲಿ ಅಂತ ಇಟ್ಟಿದ್ದು."

ಆಡಿಕೊಂಡು ನಕ್ಕರೂ ಮರುದಿನದಿಂದ ಬೆಳಗಿನ ಅಡುಗೆಯನ್ನು ದೊಡ್ಡಪ್ಪನೇ ವಹಿಸಿಕೊಂಡ. ಪಾತ್ರೆ ತಳ ಹಿಡಿದ ವಾಸನೆ ಮನೆಯೆಲ್ಲ ತುಂಬಿದರೂ ದೊಡ್ಡಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಊಟದ ಮೇಜಿನ ಒಂದು ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಪಾಠಗಳನ್ನು ಕೇಳುತ್ತ ಕೂರುತ್ತಿದ್ದಳು. ಅರ್ಥವಾಗದ್ದನ್ನು ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಮತ್ತೆ ಕೇಳುವಳು. ಪಾಠದ ಮೇಷ್ಟ್ರು "ಇದು ತುಂಬಾ ಸುಲಭ" ಎಂದಾಗಲೆಲ್ಲ ಅವರ ಮೇಲೆ ಕಣ್ಣು ಕೆಕ್ಕರಿಸುವಳು.

ಬ್ಯಾಂಕಿನ ನಮೂನೆಯನ್ನು ಅವಳು ಅರ್ಥ ಮಾಡಿಕೊಂಡದ್ದು ಕಾರ್ಖಾನೆಯ ಡಬ್ಬಗಳಿಂದ. ಬೂಟು ತುಂಬಿದ ದೊಡ್ಡ ಪೆಟ್ಟಿಗೆಯ ಹೊರಗೆ ಒಳಗೆ ಎಷ್ಟು ಜೊತೆ ಇವೆ ಎಂದು ಬರೆದಿರುತ್ತದಲ್ಲ, ಫೈಲಿನ ತಲೆಭಾಗವೂ ಹಾಗೆಯೇ. ಒಟ್ಟು ಎಷ್ಟು ಜನ, ಒಟ್ಟು ಎಷ್ಟು ಹಣ ಎಂದು ಅಲ್ಲಿ ಹೇಳಿರಬೇಕು. ಒಳಗೆ ಒಬ್ಬೊಬ್ಬರಿಗೆ ಒಂದೊಂದು ಡಬ್ಬ. ಅದರಲ್ಲಿ ಹೆಸರು ಒಂದು ಕಡೆ, ಖಾತೆ ಒಂದು ಕಡೆ, ಮೊತ್ತ ಒಂದು ಕಡೆ. ಒಂದೇ ಒಂದು ಡಬ್ಬ ತಪ್ಪಿದರೂ ಬ್ಯಾಂಕು ಇಡೀ ಪೆಟ್ಟಿಗೆಯನ್ನು ವಾಪಸು ಕಳಿಸುತ್ತದೆ.

ಪರೀಕ್ಷೆಗೆಂದೇ ಬ್ಯಾಂಕು ಬೇರೆ ಪುಟವೊಂದನ್ನು ಕೊಟ್ಟಿತ್ತು. ಅಲ್ಲಿ ನಿಜವಾದ ಹಣ ಅಲುಗುವುದಿಲ್ಲ. ಫೈಲು ಸರಿಯಿದ್ದರೆ ಹಸಿರು ಪಟ್ಟಿ ಬರುತ್ತದೆ. ಇಲ್ಲವಾದರೆ ಕೆಂಪು ಪಟ್ಟಿ, ಅದರ ಕೆಳಗೆ ಎಲ್ಲಿ ತಪ್ಪಿದೆ ಎಂಬ ಒಂದು ಸಾಲು. ದೊಡ್ಡಮ್ಮನ ಮೊದಲ ಫೈಲಿಗೆ ಕೆಂಪು ಬಂತು, ತಾರೀಖನ್ನು ತಿರುಗುಮುರುಗಾಗಿ ಬರೆದಿದ್ದಳು. ಆಮೇಲಿನದಕ್ಕೂ ಕೆಂಪು, ಖಾತೆ ನಂಬರಿನ ಮೊದಲಿನ ಸೊನ್ನೆಗಳನ್ನು ಕಂಪ್ಯೂಟರ್ ಸದ್ದಿಲ್ಲದೆ ನುಂಗಿಹಾಕಿತ್ತು. ಅದನ್ನು ಸರಿಪಡಿಸಿದ ಮೇಲೆ ಮತ್ತೊಂದು ಕೆಂಪು. ದೊಡ್ಡಮ್ಮ ಕಾರ್ಖಾನೆಯ ಕೋಣೆಯಲ್ಲಿ ಕೂತ ಕುರ್ಚಿಯಲ್ಲೇ ಪುಟಿದಳು.

"ಸರ್, ಹೊಸ ತಪ್ಪು! ಹೊಸ ತಪ್ಪು ಬಂತು!"

"ತಪ್ಪು ಬಂತು ಅಂತ ಕುಣಿಯೋರನ್ನ ಇವತ್ತೇ ನೋಡ್ತಿರೋದು" ಎಂದರು ಕ್ಯಾಷಿಯರ್.

"ಹೊಸದು ಬಂತು ಅಂದ್ರೆ ಹಳೇದನ್ನ ದಾಟಿದ್ವಿ ಅಂತ ತಾನೆ!"

ಕ್ಯಾಷಿಯರ್‌ಗೂ ಹುಚ್ಚು ಹಿಡಿಯಿತು. ಬೆಳಿಗ್ಗೆ ಛತ್ರಿ ಮೂಲೆಗಿಡುವ ಮೊದಲೇ "ಇವತ್ತು ಯಾವ ಬಣ್ಣ?" ಎಂದು ಕೇಳತೊಡಗಿದರು. ಕೆಂಪು ಎಂದರೆ "ಛೇ" ಎಂದು ಅವಳ ಬೆನ್ನ ಹಿಂದೆ ಬಂದು ನಿಂತು, ತಮಗೇನೂ ತಿಳಿಯದಿದ್ದರೂ ಪರದೆಯನ್ನು ದಿಟ್ಟಿಸುತ್ತಿದ್ದರು.

ಕೊನೆಯ ವಾರದ ಗುರುವಾರ ಬಂತು. ಬೇರೆಲ್ಲ ತಪ್ಪುಗಳು ಹೋಗಿದ್ದವು. ಆದರೆ ಬೆಳಿಗ್ಗೆಯಿಂದ ಒಂದೇ ಕೆಂಪು, ಜಪ್ಪಯ್ಯ ಎಂದರೂ ಕದಲದು. 'ಒಂದೇ ಖಾತೆಗೆ ಒಂದೇ ಮೊತ್ತ ಎರಡು ಸಲ' ಎಂದು ಅದು ಹೇಳುತ್ತಿತ್ತು.

"ಯಾರಿಗೋ ಎರಡು ಸಲ ಹೋಗ್ತಿದೆ ಸರ್" ಎಂದು ದೊಡ್ಡಮ್ಮ ತಲೆ ಚಚ್ಚಿಕೊಂಡಳು. ಪ್ರೋಗ್ರಾಮನ್ನು ಮೇಲಿಂದ ಕೆಳಕ್ಕೆ ಓದಿದಳು, ತಪ್ಪು ಸಿಗಲಿಲ್ಲ. ಖಾತೆ ನಂಬರು ಹುಡುಕಿ ಹೆಸರು ನೋಡಿದಾಗ ಕ್ಯಾಷಿಯರ್ ಹಣೆ ಬಡಿದುಕೊಂಡರು.

"ಅಯ್ಯೋ, ಕತ್ತರಿಗಳು! ಅವರ ಮೂರನ್ನೂ ನಾನು ಕೂಡಿಸಿ ಒಂದೇ ಮಾಡಿ ಓದ್ತಿದ್ದೆ ಕಣಮ್ಮ. ಅಭ್ಯಾಸ ಆಗಿಹೋಗಿ ಹೇಳೋದೇ ಮರೆತೆ."

ಕತ್ತರಿಗಳು ಎಂದರೆ ಹೊಲಿಗೆಯ ಹಾಲಿನ ಅಕ್ಕತಂಗಿಯರು. ಮೂವರೂ ಕೊರಳಿಗೆ ಕತ್ತರಿ ನೇತುಹಾಕಿಕೊಂಡಿರುವುದರಿಂದ ದೊಡ್ಡಕತ್ತರಿ, ನಡುಕತ್ತರಿ, ಚಿಕ್ಕಕತ್ತರಿ ಎಂದೇ ಅವರಿಗೆ ಹೆಸರು. ಮನೆಯ ಖರ್ಚೆಲ್ಲ ದೊಡ್ಡಕತ್ತರಿಯ ಕೈಯಲ್ಲಿ. ಮೂವರ ಸಂಬಳವೂ ಅವಳ ಖಾತೆಗೇ ಹೋಗುತ್ತಿತ್ತು, ಸಂಬಳದ ಚೀಟಿಯೂ ಒಂದೇ ಬರುತ್ತಿತ್ತು. ದೊಡ್ಡಮ್ಮನ ಪ್ರೋಗ್ರಾಮಾದರೋ ಹಾಜರಿ ಯಂತ್ರದಿಂದ ನೇರವಾಗಿ ಒಬ್ಬೊಬ್ಬರ ಲೆಕ್ಕವನ್ನು ಎತ್ತಿಕೊಂಡು ಮೂರು ಡಬ್ಬ ಮಾಡುತ್ತಿತ್ತು. ದೊಡ್ಡಕತ್ತರಿಗೂ ನಡುಕತ್ತರಿಗೂ ದಿನಗೂಲಿ ಒಂದೇ, ಕೆಲಸಕ್ಕೆ ಬಂದ ದಿನಗಳೂ ಅಷ್ಟೇ. ಅದಕ್ಕೇ ಬ್ಯಾಂಕು ಅದನ್ನು ಒಬ್ಬರಿಗೇ ಎರಡು ಸಲ ಕೊಟ್ಟದ್ದೆಂದು ತಿಳಿದಿತ್ತು.

"ಮುಂಚಿನ ಹಾಗೇ ಕೂಡಿಸಿ ಹಾಕ್ಬಿಡಿ" ಎಂದರು ಕ್ಯಾಷಿಯರ್. "ಈಗ್ಲೇ ಹಸಿರಾಗುತ್ತೆ. ನಾಳೆ ಮೇಡಂ ಬರೋ ಹೊತ್ತಿಗೆ ನಾವು ಆರಾಮಾಗಿ ಟೀ ಕುಡೀತಿರ್ಬೋದು."

ಹಾಗೆ ಮಾಡಲು ದೊಡ್ಡಮ್ಮನ ಬೆರಳುಗಳು ತುದಿಗಾಲಲ್ಲಿ ನಿಂತಿದ್ದವು. ಆದರೂ ಅವರನ್ನೊಂದು ಮಾತು ಕೇಳಿಬಿಡೋಣ ಎಂದು ಕೆಳಗಿಳಿದಳು. ಯಂತ್ರಗಳ ಗದ್ದಲದಲ್ಲಿ ಕಿರುಚಿಯೇ ಮಾತಾಡಬೇಕು.

"ನಿಮ್ಮ ಮೂವರದ್ದೂ ಒಂದೇ ಮಾಡಿ ಹಾಕ್ಲಾ, ಬೇರೆ ಬೇರೆ ಹಾಕ್ಲಾ?"

"ಒಂದೇ ಹಾಕಕ್ಕ! ಇವರಿಬ್ಬರ ಕೈಗೆ ದುಡ್ಡು ಕೊಟ್ರೆ ಸಂಜೆಗೆ ಗಾಳಿ" ಎಂದಳು ದೊಡ್ಡಕತ್ತರಿ.

"ನೀನೇನು ಕಮ್ಮಿನಾ? ಮನೇಲಿ ಛತ್ರಿನೇ ನಾಲ್ಕಿವೆ, ಎಲ್ಲಾ ನಿಂದೇ" ಎಂದಳು ನಡುಕತ್ತರಿ.

"ಮಳೇಲಿ ನೆನೆಯೋದು ನೀನು ತಾನೆ, ಅದಕ್ಕೇ ತಂದಿದ್ದು!"

ಚಿಕ್ಕಕತ್ತರಿ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು. ಬೂಟಿನ ಅಂಚು ಹೊಲಿಯುವ ಅವಳಿಗೆ ದಿನಗೂಲಿಯಿಲ್ಲ, ಹೊಲಿದ ಜೊತೆಗಿಷ್ಟು ಎಂದು ಲೆಕ್ಕ, ಆ ಎಣಿಕೆಯೂ ಹಾಜರಿ ಯಂತ್ರಕ್ಕೇ ಹೋಗುತ್ತಿತ್ತು. ದೊಡ್ಡಮ್ಮ ಹೊರಟಾಗ ನೀರು ಕುಡಿಯುವ ನೆಪದಲ್ಲಿ ಹಿಂದೆಯೇ ಬಂದಳು.

"ಅಕ್ಕಾ, ದುಡ್ಡು ಅವಳ ಖಾತೆಗೇ ಹೋಗ್ಲಿ, ನಂಗೇನೂ ಬೇಜಾರಿಲ್ಲ. ಆದ್ರೆ ನಂದು ಬೇರೆ ಸಾಲಲ್ಲಿ ಕಾಣೋ ಹಾಗೆ ಆಗುತ್ತಾ? ಮನೇಲಿ ದಿನಾ 'ನಿಂದು ನಿಧಾನ, ನಿಂದು ನಿಧಾನ' ಅಂತಾಳೆ. ನಾನು ಎಷ್ಟು ದುಡೀತೀನಿ ಅಂತ ನಂಗೇ ಗೊತ್ತಿಲ್ಲ."

ದೊಡ್ಡಮ್ಮ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಳು. ಕೂಡಿಸಿ ಹಾಕಿದರೆ ನಾಳೆ ಗೆದ್ದಂತೆಯೇ. ಬೇರೆ ಹಾಕಬೇಕೆಂದರೆ ಚೆನ್ನಾಗಿ ಓಡುತ್ತಿರುವ ಪ್ರೋಗ್ರಾಮಿಗೆ ಕೈಹಾಕಬೇಕು, ಎಲ್ಲಿ ಏನು ಕಳಚಿಕೊಳ್ಳುತ್ತದೋ! ಅಂಟಿನ ಹಾಲು ಅಲ್ಲೇ ಎಡಗಡೆಗೆ, ಬಾಗಿಲೂ ತೆರೆದಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದು ಗಳಿಗೆ ಯೋಚಿಸಿದಳು. ಆಮೇಲೆ "ನೋಡ್ತೀನಿ ಕಣೇ" ಎಂದು ದಡದಡ ಮೇಲಕ್ಕೆ ಹತ್ತಿದಳು.

"ಕೂಡಿಸಲ್ಲ ಸರ್."

"ಏನು?"

"ಯಾರೋ ನೆನಪಿಟ್ಕೊಂಡು ಕೂಡಿಸ್ಬೇಕು ಅಂದ್ರೆ ಅದು ಪ್ರೋಗ್ರಾಂ ಹೇಗಾಗುತ್ತೆ? ನಾಳೆ ನಾನೂ ಇಲ್ಲ, ನೀವೂ ಇಲ್ಲ ಅಂದ್ರೂ ಅದು ತಾನೇ ನಡೀಬೇಕು."

"ನಾಳೆ ನೀವು ಅಂಟಿನ ಹಾಲಲ್ಲಿ ಇರ್ತೀರಿ, ಅಷ್ಟೇ" ಎಂದು ಕ್ಯಾಷಿಯರ್ ಗೊಣಗಿದರು. ಗೊಣಗುತ್ತಲೇ ಬ್ಯಾಂಕಿನ ಕೈಪಿಡಿಯನ್ನು ಅವಳ ಮುಂದೆ ತಂದಿಟ್ಟರು.

ಕೈಪಿಡಿಯಲ್ಲಿ ದಾರಿ ಇತ್ತು. ಪ್ರತಿ ಡಬ್ಬದಲ್ಲೂ ಗುರುತಿನ ಜಾಗವೊಂದಿದೆ. ದೊಡ್ಡಮ್ಮ ಎಲ್ಲರಿಗೂ ಅಲ್ಲಿ 'ಸಂಬಳ' ಎಂದಷ್ಟೇ ತುಂಬಿಸಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಬೇರೆ ಗುರುತು ಕೊಟ್ಟರೆ, ಖಾತೆ ಒಂದೇ ಆದರೂ ಮೊತ್ತ ಒಂದೇ ಆದರೂ ಬ್ಯಾಂಕು ತಕರಾರು ಮಾಡುವುದಿಲ್ಲ. ಗುರುತಿಗೆ ದೂರವೇನೂ ಹೋಗಬೇಕಾಗಿರಲಿಲ್ಲ. ಎಲ್ಲರ ಎದೆಯ ಮೇಲಿನ ಬಿಲ್ಲೆಯಲ್ಲೂ ಒಂದು ನಂಬರಿದೆ, ಅದರಿಂದಲೇ ಹಾಜರಿ ಯಂತ್ರ ಅವರನ್ನು ಗುರುತಿಸುವುದು. ಅದನ್ನೇ ಎತ್ತಿ ತಂದು ಆ ಜಾಗದಲ್ಲಿ ಕೂರಿಸಬೇಕು. ಹೇಳುವುದಕ್ಕೆ ಒಂದು ಮಾತು, ಮಾಡುವುದಕ್ಕೆ ಆ ಸಂಜೆಯೆಲ್ಲ ಹಿಡಿಯಿತು. ಮುಗಿಯುವ ಹೊತ್ತಿಗೆ ಬ್ಯಾಂಕಿನ ಪರೀಕ್ಷೆಯ ಪುಟ ಅವತ್ತಿಗೆ ಮುಚ್ಚಿತ್ತು.

ಶುಕ್ರವಾರ ಯಜಮಾನಿ ಬಂದು ಕೂರದೆ ನಿಂತೇ ಇದ್ದರು. ದೊಡ್ಡಮ್ಮ ಫೈಲನ್ನು ಪರೀಕ್ಷೆಯ ಪುಟಕ್ಕೆ ಹಾಕಿದಳು. ಗುಂಡಿ ಒತ್ತಿದಳು. ಕೆಂಪು!

"ಹೋಗ್ಲಿ ಬಿಡಿ" ಎಂದು ಯಜಮಾನಿ ಫೋನು ಕೈಗೆತ್ತಿಕೊಂಡರು.

"ಒಂದ್ನಿಮಿಷ ಮೇಡಂ, ಇದು ಹೊಸ ತಪ್ಪು!"

"ಹೊಸದು ಅಂದ್ರೆ ಒಳ್ಳೇದು ಮೇಡಂ" ಎಂದರು ಕ್ಯಾಷಿಯರ್, ಈ ವಿದ್ಯೆಯಲ್ಲಿ ಪಳಗಿದವರ ಹಾಗೆ.

ಒಂದು ಡಬ್ಬದ ಗುರುತಿನ ಜಾಗ ಖಾಲಿಯಾಗಿತ್ತು. ಅದು ಯಾರದೆಂದು ನೋಡಿದರೆ, ಕ್ಯಾಷಿಯರದೇ! ಇಷ್ಟು ಕಾಲದಿಂದ ಅವರು ಬಿಲ್ಲೆಯನ್ನೇ ಮಾಡಿಸಿಕೊಂಡಿರಲಿಲ್ಲ. ಹಾಜರಿ ಯಂತ್ರದ ಪಟ್ಟಿಯಲ್ಲಿ ಅವರ ಹೆಸರೂ ತಿಂಗಳ ಸಂಬಳವೂ ಇದ್ದವು, ನಂಬರು ಮಾತ್ರ ಇರಲಿಲ್ಲ. "ನನ್ನನ್ನ ಗೊತ್ತಿಲ್ಲದೋರು ಯಾರಿದಾರೆ ಅಂತ..." ಎಂದು ಅವರು ತಡವರಿಸುತ್ತಿರುವಾಗಲೇ ದೊಡ್ಡಮ್ಮ ಅವರಿಗೊಂದು ನಂಬರು ಕೊಟ್ಟು, ಪ್ರೋಗ್ರಾಮನ್ನು ಓಡಿಸಿ, ಮತ್ತೆ ಗುಂಡಿ ಒತ್ತಿದಳು.

ಹಸಿರು.

ದೊಡ್ಡಮ್ಮ "ಹಸಿರು!" ಎಂದು ಕಿರುಚಿದ ಕಿರುಚಿಗೆ ಕೆಳಗಿನ ಹಾಲಿನವರೆಲ್ಲ ತಲೆಯೆತ್ತಿ ಕಿಟಕಿ ನೋಡಿದರಂತೆ. ಕ್ಯಾಷಿಯರ್ ತಮ್ಮ ವಯಸ್ಸನ್ನು ಮರೆತು ಎರಡು ಹೆಜ್ಜೆ ಹಾಕಿದರಂತೆ. ಯಜಮಾನಿ ಫೋನನ್ನು ಚೀಲಕ್ಕೆ ಹಾಕಿ, ಅವತ್ತು ಮೊದಲ ಸಲ ಆ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ಇನ್ನೊಂದ್ಸಲ ಮಾಡಿ ತೋರಿಸಿ."

ದೊಡ್ಡಮ್ಮ ಮತ್ತೆ ತೋರಿಸಿದಳು. ಹಿಂದೆ ಇಡೀ ದಿನ ನುಂಗುತ್ತಿದ್ದ ಕೆಲಸ ಯಜಮಾನಿ ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಮುಗಿಯಿತು.

ನಿಜವಾದ ಸಂಬಳದ ದಿನವಂತೂ ಹಾಲಿನಲ್ಲಿ ಎಲ್ಲರ ಫೋನುಗಳೂ ಒಟ್ಟಿಗೇ ಟಿಣ್ ಟಿಣ್ ಎಂದು ಕೂಗಿದವು. ಒಂದೊಂದೇ ಯಂತ್ರ ನಿಂತಿತು. ದೊಡ್ಡಕತ್ತರಿಯ ಫೋನಿಗೆ ಮೂರು ಸಂದೇಶ ಬಂದಿದ್ದವು, ಒಂದೊಂದರಲ್ಲೂ ಒಬ್ಬೊಬ್ಬರ ಬಿಲ್ಲೆಯ ನಂಬರು. ಅವಳು ಮೂರನೆಯದನ್ನು ಓದಿ, ಕಣ್ಣುಜ್ಜಿಕೊಂಡು, ಮತ್ತೆ ಓದಿದಳು.

"ಏಯ್, ಇದು ಯಾರದ್ದೇ? ನನಗಿಂತ ಜಾಸ್ತಿ ಇದೆ!"

"ನಿಧಾನದವಳದ್ದು" ಎಂದಳು ಚಿಕ್ಕಕತ್ತರಿ.

ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊಡ್ಡಕತ್ತರಿ ಮೊದಲು ಮೂತಿ ತಿರುವಿದಳು. ಆಮೇಲೆ ತಾನೂ ನಕ್ಕು, ತಂಗಿಯ ಬೆನ್ನಿಗೊಂದು ಗುದ್ದಿ, "ಬಾ, ಖಾತೆ ತೆಗೆಸೋಣ ನಿಂಗೂ. ಇಷ್ಟು ದುಡ್ಡು ಕಾಯೋಕೆ ನನ್ನ ಕೈಲಾಗಲ್ಲ" ಎಂದಳು.

ಸಂಬಳದ ಕೆಲಸ ಹೊರಗೆ ಹೋಗಲಿಲ್ಲ, ದೊಡ್ಡಮ್ಮ ಮೇಲಿನ ಕೋಣೆಯಲ್ಲೇ ಉಳಿದಳು. ಚರ್ಮ, ದಾರ, ಡಬ್ಬ ಕೊಡುವ ಅಂಗಡಿಯವರ ಹಣವನ್ನೂ ಇದೇ ಥರ ಒಂದೇ ಫೈಲಿನಲ್ಲಿ ಕಳಿಸುವ ಪ್ರೋಗ್ರಾಂ ಬರೆಯಲು ಯಜಮಾನಿ ಹೇಳಿದ್ದಾರೆ. ಅದರಲ್ಲಿ ಈಗಾಗಲೇ ಕೆಂಪು ಬರುತ್ತಿದೆಯಂತೆ. ದೊಡ್ಡಮ್ಮನ ಮುಖ ನೋಡಬೇಕು, ಹೊಸ ಆಟಿಕೆ ಸಿಕ್ಕ ಹಾಗಿದೆ.

ಬರೆದದ್ದು ಇಷ್ಟೇ. ನಾಳೆ ಬೆಳಿಗ್ಗೆ ಇದನ್ನು ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ. ಅವಳು ತಪ್ಪೆಂದು ಹೇಳಿದ ಕಡೆ ತಿದ್ದಿ, ಮತ್ತೊಮ್ಮೆ ದುಂಡಗೆ ಬರೆಯುತ್ತೇನೆ.