ಹಿಟ್ಟಿನ ಮಿಲ್ಲಿಗೆ ಬರುತ್ತಿದ್ದ ಆಕಾಶದ ಹಡಗು

ಮಿಲ್ ಆಂಟಿಯ ರೆಪ್ಪೆಗಳ ಮೇಲೆ ಯಾವಾಗಲೂ ಹಿಟ್ಟು ಕೂತಿರುತ್ತಿತ್ತು. ಹುಬ್ಬಿನ ಮೇಲೆ, ಮೂಗುತಿಯ ಸುತ್ತ, ಕಿವಿಯ ಪಕ್ಕದ ಸಣ್ಣ ಕೂದಲ ಮೇಲೂ ಇರುತ್ತಿತ್ತು. ಆದರೆ ನನ್ನ ಕಣ್ಣು ಹೋಗುತ್ತಿದ್ದದ್ದು ರೆಪ್ಪೆಯ ಕಡೆಗೇ. ಅವರು ಕಣ್ಣು ಮಿಟುಕಿಸಿದರೆ ಒಂದಿಷ್ಟು ಪುಡಿ ಕೆನ್ನೆಗೆ ಉದುರುತ್ತಿತ್ತು. ಒರೆಸಿಕೊಳ್ಳಿ ಆಂಟಿ ಅಂದರೆ, "ಒರೆಸಿದ್ರೆ ಇನ್ನೊಂದ್ ಗಳಿಗೆಗೆ ಮತ್ತೆ ಬಂದು ಕೂರ್ತೈತವ್ವ. ಅದಕ್ಕೂ ಒಂದ್ ಜಾಗ ಬೇಕಲ್ಲ, ಇರ್ಲಿ ಬಿಡು" ಅನ್ನುತ್ತಿದ್ದರು. ಹಣೆಯ ಮೇಲೆ ಬೆಳಿಗ್ಗೆ ಎಳೆದ ವಿಭೂತಿ. ಅದು ಎಲ್ಲಿ ಮುಗಿದು ಹಿಟ್ಟು ಎಲ್ಲಿ ಶುರುವಾಯಿತು ಅನ್ನುವುದು ಮಧ್ಯಾಹ್ನದ ಹೊತ್ತಿಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮಾರೇನಹಳ್ಳಿಯಲ್ಲಿ ನಮ್ಮ ಬೀದಿಯ ತಿರುವಿಗೆ ಇದ್ದ ಹಿಟ್ಟಿನ ಮಿಲ್ ಅವರದು. ದಾವಣಗೆರೆ ಕಡೆಯವರು. ಗಂಡ ತೀರಿಕೊಂಡಾಗ ಮಿಲ್ ಮಾರಿಬಿಡು ಅಂತ ನೆಂಟರೆಲ್ಲ ಬುದ್ಧಿ ಹೇಳಿದ್ದರಂತೆ. "ಮಾರಿ ಏನ್ ಮಾಡ್ಲಿ? ನಿಮ್ ಮನೇಲಿ ಮುಸುರೆ ತಿಕ್ಲಾ?" ಅಂತ ಕೇಳಿ ತಾವೇ ಹೋಗಿ ಸ್ವಿಚ್ ಹಾಕಿದರಂತೆ. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ಕೇಳುತ್ತಿರಲಿಲ್ಲ, ಮಿಲ್ಲಿನ ಸದ್ದು ಹಾಗಿತ್ತು. ರಾಗಿ ಬೀಸಿದ ಮೇಲೆ ಗೋಧಿ ಹಾಕಿಸಿಕೊಳ್ಳಲು ಬಂದವರನ್ನು ಬೈಯುತ್ತಿದ್ದರು, ಹಿಟ್ಟು ಕಪ್ಪಾದರೆ ಚಪಾತಿ ತಿನ್ನುವ ನಿಮ್ಮ ಗಂಡ ನನ್ನನ್ನು ಬೈತಾನೆ ಅಂತ. ಬಿಸಿ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕಲು ಹೋದರೆ ಕೈ ಮೇಲೆ ಪಟ್ ಅಂತ ಒಂದು ಏಟು. "ಬೆವರ್ತೈತಿ, ಆರ್ಲಿ ತಡಿ."

ಮಿಲ್ಲಿನ ಗೋಡೆಯ ಹಲಗೆಯ ಮೇಲೆ ಒಂದು ಕಪ್ಪು-ಬಿಳುಪು ಟೀವಿ ಇತ್ತು. ಹಿಟ್ಟು ಹೋಗದಿರಲಿ ಅಂತ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ಮುಂದುಗಡೆ ಮಾತ್ರ ಕತ್ತರಿಸಿ ಕಿಟಕಿ ಮಾಡಿದ್ದರು. ಭಾನುವಾರ ಬೆಳಿಗ್ಗೆ ಅದರಲ್ಲೊಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಒಂದು ದೊಡ್ಡ ಹಡಗು, ನೀರಿನದಲ್ಲ, ನಕ್ಷತ್ರಗಳ ನಡುವೆ ಹೋಗುವುದು. ಒಳಗೆ ಬಿಗಿ ಅಂಗಿಯ ಒಂದಿಷ್ಟು ಜನ, ವಾರಕ್ಕೊಂದು ಹೊಸ ಲೋಕ. ಧಾರಾವಾಹಿಯ ಹೆಸರು ನಮಗ್ಯಾರಿಗೂ ಬೇಕಿರಲಿಲ್ಲ. ಆಂಟಿ 'ಹಡಗು' ಅಂದರು, ಬೀದಿಯವರೆಲ್ಲ ಹಡಗು ಅಂದೆವು.

ಭಾನುವಾರವೇ ಮಿಲ್ಲಿಗೆ ರಶ್ಶು. ಕಲ್ಲು ತಿರುಗುವ ಸದ್ದಿನಲ್ಲಿ ಟೀವಿಯ ಒಂದು ಮಾತಾದರೂ ಕೇಳಿದ್ದರೆ ಕೇಳಿ! ಆದ್ದರಿಂದ ಹಡಗಿನವರ ಮಾತನ್ನೆಲ್ಲ ಆಂಟಿಯೇ ಆಡುತ್ತಿದ್ದರು. ಒಂದು ಕೈ ಹಿಟ್ಟು ಬೀಳುವ ಕಡೆ, ಕಣ್ಣು ಟೀವಿಯ ಕಡೆ, ಗಂಟಲು ಮಿಲ್ಲನ್ನೂ ಮೀರಿಸಿ. ಪರದೆಯ ಮೇಲೆ ತುಟಿ ಅಲ್ಲಾಡಲು ಶುರುವಾದರೆ ಇವರ ಮಾತೂ ಶುರು, ತುಟಿ ನಿಂತರೆ ಇವರೂ ಗಪ್ ಚುಪ್. ಡಬ್ಬಿ ಹಿಡಿದು ನಿಂತ ನಾವೆಲ್ಲ ಆಂಟಿಗೆ ಇಂಗ್ಲಿಷ್ ಬರುತ್ತದೆ ಅಂತಲೇ ನಂಬಿದ್ದೆವು.

ಹೊಸ ಲೋಕದಲ್ಲಿ ಇಳಿದ ಕೂಡಲೇ ಕೊಂಬಿನ ತಲೆಯವನೊಬ್ಬ ಎದುರು ಬರುತ್ತಿದ್ದ.

"ಯಾವೂರ್ರಿ ನಿಮ್ದು?"

"ನಮ್ದು ಭೂಮಿ ಕಡೆ."

"ಅಯ್ಯೋ, ಭಾಳ ದೂರ ಆತಲ್ರೀ! ಊಟ ಆತಾ?"

ಯಾವ ಲೋಕಕ್ಕೆ ಹೋದರೂ ಮೊದಲ ಮಾತು ಊಟದ್ದೇ. ಬಂದೂಕು ಹಿಡಿದು ಬಂದವರೂ ಮೊದಲು ಊಟ ಆಯಿತಾ ಅಂತ ಕೇಳಿ ಆಮೇಲೆ ಜಗಳ ತೆಗೆಯುತ್ತಿದ್ದರು. ಒಂದು ವಾರ ಬಂದವರು ಹಸಿರು ಮೈಯವರು ಅಂದರು ಆಂಟಿ. ಕಪ್ಪು-ಬಿಳುಪು ಟೀವಿಯಲ್ಲಿ ಹಸಿರು ಹೇಗೆ ಕಂಡಿತು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾಲೇಜಿಗೆ ಹೋಗುತ್ತಿದ್ದವನೊಬ್ಬ ಮಾತ್ರ ಒಮ್ಮೆ, "ಆಂಟಿ, ಅವ್ರು ಹಂಗೆ ಹೇಳ್ಲೇ ಇಲ್ಲ ಅನ್ಸುತ್ತೆ" ಅಂದ. "ನಿಂಗೆ ಕೇಳಿಸ್ತಾ?" ಅಂದರು ಆಂಟಿ. "ಇಲ್ಲ." "ಮತ್ತೆ?" ಎಲ್ಲರೂ ನಕ್ಕೆವು, ಅವನೂ ನಕ್ಕ.

ಹಡಗಿನ ಕ್ಯಾಪ್ಟನ್‌ಗೆ ಜ್ವರ ಬಂದು ಮಲಗಿದ ವಾರ ಹೂವಿನ ಅಜ್ಜಿಯ ಕಣ್ಣಲ್ಲಿ ನೀರು. ಅಜ್ಜಿ ಸೀದಾ ಹೋಗಿ ನಮ್ಮ ಬೀದಿ ಗಣಪನಿಗೆ ಕಾಯಿ ಒಡೆಸಿ ಹರಕೆ ಹೊತ್ತಳು. ಮುಂದಿನ ಭಾನುವಾರ ನೋಡಿದರೆ ಕ್ಯಾಪ್ಟನ್ ಎದ್ದು ಓಡಾಡುತ್ತಿದ್ದಾನೆ! "ನೋಡಿದ್ರಾ, ನಮ್ ಗಣಪ ಅಲ್ಲಿಗೂ ಹೋಗ್ ಬಂದ" ಅಂತ ಅಜ್ಜಿ ಮಿಲ್ಲಿನಲ್ಲಿದ್ದವರಿಗೆಲ್ಲ ಒಂದೊಂದು ಚೂರು ಕೊಬ್ಬರಿ ಹಂಚಿದಳು. ಆಂಟಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಕರೆಂಟ್ ಹೋದರಂತೂ ಹಬ್ಬ. ಕಲ್ಲು ಗೊರ ಗೊರ ಅಂತ ನಿಧಾನವಾಗಿ ನಿಲ್ಲುತ್ತಿತ್ತು, ಟೀವಿ ಕಪ್ಪಾಗುತ್ತಿತ್ತು. ಆಂಟಿ ಗೋಣಿಚೀಲದ ಮೇಲೆ ಕೂತು ಕಥೆಯನ್ನು ಬಿಟ್ಟ ಜಾಗದಿಂದ ಎತ್ತಿಕೊಂಡು ಪೂರ್ತಿ ಮುಗಿಸುತ್ತಿದ್ದರು. ಮುಗಿಯುವ ತನಕ ಕರೆಂಟ್ ಬರದಿರಲಿ ಅಂತ ನಾವು ಬೇಡಿಕೊಳ್ಳುತ್ತಿದ್ದೆವು. ಹಿಟ್ಟು ತರಲು ಹೋದವಳು ಊಟದ ಹೊತ್ತಿಗೆ ಮನೆ ಸೇರಿ ನಾನೇನಾದರೂ ನೆಪ ಕಟ್ಟಿದರೆ ಅಮ್ಮ, "ಇದು ನಿಜಾನೋ, ಕರೆಂಟ್ ಹೋದ ಕಥೇನೋ?" ಅನ್ನುತ್ತಿದ್ದಳು. ಕಟ್ಟುಕಥೆಗೆಲ್ಲ ನಮ್ಮ ಬೀದಿಯಲ್ಲಿ ಅದೇ ಹೆಸರಾಗಿ ಹೋಯಿತು.

ಹಡಗಿನಲ್ಲಿ ಒಬ್ಬ ಅಡಿಗೆ ಹುಡುಗ ಇದ್ದ. ತೆಳ್ಳಗೆ, ಕಿವಿ ಅಗಲ, ಯಾವಾಗಲೂ ಎಲ್ಲರ ಹಿಂದೆ ನಿಂತಿರುತ್ತಿದ್ದ. ಆಂಟಿಯ ಕಥೆಯಲ್ಲಿ ಅತಿ ಹೆಚ್ಚು ಮಾತು ಅವನದೇ. ಅವನು ಕ್ಯಾಪ್ಟನ್‌ಗೇ ತಮಾಷೆ ಮಾಡುತ್ತಿದ್ದ, ಕೊಂಬಿನವರಿಗೆ ಮಂಡಕ್ಕಿ ಒಗ್ಗರಣೆ ಹಾಕಿಕೊಡುತ್ತಿದ್ದ. ಮಳೆ ಹಿಡಿದ ಒಂದು ಭಾನುವಾರ ಮಿಲ್ಲಿನಲ್ಲಿ ನಾನೊಬ್ಬಳೇ ಉಳಿದಿದ್ದಾಗ, ಅವನಿಗ್ಯಾಕೆ ಅಷ್ಟು ಮಾತು ಅಂತ ಕೇಳಿಬಿಟ್ಟೆ. ಆಂಟಿ ನೆಲದ ಹಿಟ್ಟನ್ನು ಪೊರಕೆಯಲ್ಲಿ ಒಟ್ಟುಮಾಡುತ್ತಿದ್ದವರು ನಿಂತರು.

"ನಂಗೊಬ್ಬ ತಮ್ಮ ಅದಾನವ್ವ. ಅವ್ವ ಸತ್ತಾಗ ಎಳೇ ಕೂಸು, ನಾನೇ ಎತ್ತಿ ಬೆಳೆಸಿದ್ದು. ಅಪ್ಪನ ಕೂಡೆ ಜಗಳ ಆಡಿ ಬಾಂಬೆಗೆ ಹೋದ. ಅಲ್ಲಿ ಯಾವುದೋ ಹಡಗಿನಾಗೆ ಅಡಿಗೆ ಕೆಲಸಕ್ಕೆ ಸೇರ್ಕಂಡ ಅಂತ ಊರೋರು ಹೇಳಿದ್ರು. ಆಮೇಲೆ ಸುದ್ದಿ ಇಲ್ಲ." ಪೊರಕೆಯನ್ನು ಗೋಡೆಗೆ ಬಡಿದು ಹಿಟ್ಟು ಉದುರಿಸಿದರು. "ಹೋದ ಹೋದ ಕಡೆ ಯಾರಾದ್ರೂ ಊಟ ಆತಾ ಅಂತ ಕೇಳಿರ್ತಾರಲ್ವೇನವ್ವ?"

ಕೇಳಿರ್ತಾರೆ ಆಂಟಿ ಅಂದೆ.

ಆಮೇಲೊಂದು ವಾರ ಹಡಗು ದಾರಿ ತಪ್ಪಿತು. ಇಂಜಿನ್ ಸತ್ತು, ಎತ್ತ ನೋಡಿದರೂ ಕತ್ತಲೆ, ಮನೆ ಯಾವ ದಿಕ್ಕಿಗೆ ಅನ್ನುವುದೇ ಯಾರಿಗೂ ಗೊತ್ತಿಲ್ಲ. ಮುಂದೇನು ಅಂತ ಉಸಿರು ಬಿಗಿಹಿಡಿದು ಮುಂದಿನ ಭಾನುವಾರ ಮಿಲ್ಲಿಗೆ ಹೋದರೆ ಆ ಹೊತ್ತಿಗೆ ಯಾವುದೋ ಕುಸ್ತಿ. ಅದರ ಮುಂದಿನ ವಾರವೂ ಕುಸ್ತಿ. ಹಡಗು ಮತ್ತೆ ಬರಲೇ ಇಲ್ಲ. ಹೂವಿನ ಅಜ್ಜಿ ತಡೆಯಲಾರದೆ, "ಕರೆಂಟ್ ಹೋಗೈತೆ ಅಂದ್ಕೊಂಡು ನೀನೇ ಹೇಳಿ ಮುಗ್ಸವ್ವ" ಅಂದಳು. ಏನು ಕೇಳಿದರೂ ಇಲ್ಲ ಅನ್ನದ ಆಂಟಿ ಅವತ್ತು ತಲೆ ಅಲ್ಲಾಡಿಸಿದರು.

"ಬ್ಯಾರೆ ಏನ್ ಬೇಕಾದ್ರೂ ಹೇಳ್ತೀನಿ ಅಜ್ಜಿ. ಮನೆ ಮುಟ್ಟಿದ್ರು ಅನ್ನದನ್ನ ಮಾತ್ರ ಕಣ್ಣಾರೆ ನೋಡ್ದಲೆ ಹೇಳಕ್ಕಾಗಲ್ಲ."

ಕಾಲ ಕಳೆಯಿತು. ಜನ ಅಂಗಡಿಯ ಪ್ಯಾಕೆಟ್ ಹಿಟ್ಟಿಗೆ ಬಿದ್ದರು. ಮಿಲ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರಿನ ಅಂಗಡಿ. ನಾನೋ, ಬೇರೆ ಭಾಷೆಯ ಧಾರಾವಾಹಿಗಳಿಗೆ ಕನ್ನಡದ ಮಾತು ಬರೆದುಕೊಡುವ ಡಬ್ಬಿಂಗ್ ಕೆಲಸಕ್ಕೆ ಬಿದ್ದೆ. ಪರದೆಯ ಮೇಲಿನ ತುಟಿಗೆ ನಮ್ಮ ಮಾತು ಕೂರಬೇಕು, ಕೂತದ್ದು ಗೊತ್ತಾಗಬಾರದು. ಇದನ್ನೆಲ್ಲಿ ಕಲಿತಿರಿ ಮೇಡಂ ಅಂತ ಸ್ಟುಡಿಯೋದ ಹುಡುಗರು ಕೇಳುತ್ತಾರೆ. ಹಿಟ್ಟಿನ ಮಿಲ್ಲಲ್ಲಿ ಅನ್ನುತ್ತೇನೆ; ತಮಾಷೆ ಅಂದುಕೊಂಡು ನಗುತ್ತಾರೆ. ನಗಲಿ. ನಾನು ತಿನ್ನುವ ಅನ್ನ ಆಂಟಿ ಕೊಟ್ಟದ್ದು.

ಆಂಟಿ ಕೊನೆಗಾಲಕ್ಕೆ ಕೆಂಗೇರಿಯಲ್ಲಿ ಮೈದುನನ ಮಗಳ ಮನೆಯಲ್ಲಿದ್ದರು. ಬಿಡುವಾದಾಗ ಮೆಟ್ರೋ ಹತ್ತಿ ಹೋಗಿ ಬರುತ್ತಿದ್ದೆ. ಸಕ್ಕರೆ ಕಾಯಿಲೆ ಕಣ್ಣನ್ನು ತಿಂದುಹಾಕಿತ್ತು, ಆದರೂ ನನ್ನ ಚಪ್ಪಲಿ ಸದ್ದಿಗೇ "ಊಟ ಆತೇನವ್ವ?" ಅನ್ನುತ್ತಿದ್ದರು. ಒಮ್ಮೆ ಕೈ ಹಿಡಿದುಕೊಂಡು ಹೇಳಿದರು: "ಈಗ ಹಳೇವೆಲ್ಲ ಫೋನಾಗೆ ಸಿಗ್ತಾವಂತಲ್ಲ. ನಮ್ಮ ಹಡಗು ಏನಾತು, ನೋಡಿ ಹೇಳವ್ವ. ಮುಟ್ಟಿದ್ರೋ ಇಲ್ವೋ, ತಿಳ್ಕಂಡು ಹೋಗ್ಬೇಕು ನಾನು."

ಹುಡುಕಿದೆ, ಸಿಕ್ಕಿತು. ಮೊದಲ ಸಲ ಸದ್ದಿನ ಸಮೇತ ನೋಡಿದೆ. ಅಯ್ಯೋ ಶಿವನೇ! ಕ್ಯಾಪ್ಟನ್ ಅನ್ನುವವನು ಬರೀ ಅಪ್ಪಣೆ ಕೊಡುವ ಬೋರು ಮನುಷ್ಯ. ಯಾವ ಲೋಕದಲ್ಲೂ ಯಾರೂ ಊಟದ ಸುದ್ದಿ ಎತ್ತುವುದಿಲ್ಲ. ಅಡಿಗೆ ಹುಡುಗ ಅಡಿಗೆಯವನೇ ಅಲ್ಲ. ಹಿಂದೆ ನಿಂತು ಯಾವುದೋ ಗುಂಡಿ ಒತ್ತುತ್ತಾನೆ, ಮೊದಲಿನಿಂದ ಕೊನೆಯವರೆಗೆ ಬಾಯಿಯನ್ನೇ ತೆರೆಯುವುದಿಲ್ಲ. ಅಲ್ಲಾಡದ ತುಟಿಗೂ ಆಂಟಿ ಮಾತು ಕೊಟ್ಟಿದ್ದರು, ನಾವು ಗಮನಿಸಿಯೇ ಇರಲಿಲ್ಲ. ಕೊನೆಯ ಕಂತಂತೂ ನಾವು ಮಿಲ್ಲಿನಲ್ಲಿ ನೋಡಿದ್ದದ್ದೇ. ಹಡಗು ಕತ್ತಲಲ್ಲಿ ನಿಂತಿದೆ, ಅಕ್ಷರಗಳು ಮೇಲೇರುತ್ತವೆ, ಅಷ್ಟೇ. ತಯಾರಿಸುವವರೇ ನಿಲ್ಲಿಸಿಬಿಟ್ಟಿದ್ದರು. ಹಡಗನ್ನು ಯಾರೂ ಮನೆಗೆ ತರಲಿಲ್ಲ. ನಾನು ಫೋನಿನ ಮೇಲೆ ಸಿಟ್ಟು ಮಾಡಿಕೊಂಡು ಅದನ್ನು ಮಂಚದ ಮೇಲೆಸೆದೆ. ಆಮೇಲೆ ಕೆಂಗೇರಿಯ ಕಡೆ ತಲೆ ಹಾಕಲು ಧೈರ್ಯವಾಗಲಿಲ್ಲ.

ಆಂಟಿ ಊಟ ಬಿಟ್ಟಿದ್ದಾರೆ, ಹಡಗು ಹಡಗು ಅಂತಾರೆ ಅಂತ ಅವರ ಮೈದುನನ ಮಗಳು ಫೋನ್ ಮಾಡಿದಳು. ಹೋದೆ. ಫೋನನ್ನು ಅವರ ದಿಂಬಿನ ಪಕ್ಕ ಇಟ್ಟು ಕೊನೆಯ ಕಂತು ಹಾಕಿ, ಸದ್ದನ್ನು ಪೂರ್ತಿ ಬಂದ್ ಮಾಡಿಬಿಟ್ಟೆ.

"ಸಿಕ್ತಾ?" ಅಂದರು.

"ಸಿಕ್ತು ಆಂಟಿ, ಈಗ ಇಂಜಿನ್ ಶುರುವಾಯ್ತು" ಅಂದೆ. ಅಲ್ಲಿಂದ ನನ್ನ ಬಾಯಿ ನಿಲ್ಲಲಿಲ್ಲ. ದೂರದಲ್ಲಿ ಭೂಮಿ ಕಂಡಿತು. ಕ್ಯಾಪ್ಟನ್ ಕಣ್ಣೊರೆಸಿಕೊಂಡ. ಮೋಡ ದಾಟಿ ಹಡಗು ಬಯಲಿಗೆ ಇಳಿಯಿತು. ಬಾಗಿಲು ತೆಗೆದಾಗ ಎಲ್ಲರಿಗಿಂತ ಮೊದಲು ಇಳಿದವನು ಅಡಿಗೆ ಹುಡುಗ. ಕಾದಿದ್ದ ಜನರ ನಡುವಿನಿಂದ ಅವನ ಅಕ್ಕ ಮುಂದೆ ಬಂದಳು.

"ಏನಂದ್ಲು?" ಆಂಟಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದರು.

"ಊಟ ಆತಾ ಅಂದ್ಲು ಆಂಟಿ."

"ಅವ್ನೇನಂದ?"

"ಇಲ್ಲ ಅಕ್ಕ, ಹಸಿವಾಗ್ತಿದೆ, ಹಾಕು ಅಂದ."

ಆಂಟಿಯ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಆಮೇಲೆ ತುಟಿಯ ಅಂಚಿನಲ್ಲಿ ಮಿಲ್ಲಿನ ಕಾಲದ ಆ ತುಂಟ ನಗು ಬಂತು.

"ಕರೆಂಟ್ ಹೋಗಿತ್ತೇನವ್ವ?"

ನನಗೆ ಅಳು ತಡೆಯಲಾಗಲಿಲ್ಲ. "ಹೂಂ ಆಂಟಿ" ಅಂದೆ.

"ಇರ್ಲಿ ಬಿಡು. ಕರೆಂಟ್ ಬರಾವರ್ಗೂ ಕಾಯಕ್ಕೆ ನಂಗೂ ಈಗ ಟೈಮಿಲ್ಲ. ಇದೇ ಇರ್ಲಿ." ನನ್ನ ಕೈ ಸವರಿ, "ಎಲ್ಲಿ, ಒಂದ್ ತುತ್ತು ಅನ್ನ ಕಲಸ್ಕಂಡು ಬಾ" ಅಂದರು. ನಾನೇ ತಿನ್ನಿಸಿದೆ.

ಆ ವಾರವೇ ಆಂಟಿ ಹೋದರು. ನಾನು ಹೋಗುವಷ್ಟರಲ್ಲಿ ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ಅಗಲವಾಗಿ ವಿಭೂತಿ ಹಚ್ಚಿದ್ದರು. ಹಚ್ಚುವಾಗ ಉದುರಿದ್ದು ಒಂದಿಷ್ಟು ರೆಪ್ಪೆಗಳ ಮೇಲೆ ಕೂತಿತ್ತು. ಮೈದುನನ ಮಗಳು ಸೆರಗಿನ ತುದಿಯಿಂದ ಅದನ್ನು ಒರೆಸಲು ಬಗ್ಗಿದಳು. ನಾನು ಅವಳ ಕೈ ಹಿಡಿದೆ.

"ಒರೆಸ್ಬೇಡ ಕಣೇ" ಅಂದೆ. "ಅವ್ರು ಹಾಗೇ ಇರ್ತಿದ್ರು."