ಬರ್ಮಾದಿಂದ ಬಂದ ಕತ್ತಿ

ನಮ್ಮ ಕಾಕಾನ ಬಾಯಿಗೆ ಬೀಗ ಇಲ್ಲ. ವರ್ಷಾ ದಸರಾದ ಖಂಡೇಪೂಜಿಗೆ ಮಿಯಾಪುರದ ನಮ್ಮ ಮನಿಗೆ ಉಣ್ಣಾಕ ಬರ್ತಾನ, ದೇವರ ಮುಂದಿನ ಜಪಾನಿ ಕತ್ತಿ ನೋಡ್ತಾನ, ಅಂದದ್ದೇ ಅಂತಾನ: "ವೈನಿ, ನಿಮ್ಮಪ್ಪ ಇದನ್ನ ನಾಂಪಲ್ಲಿ ನುಮಾಯಿಷ್ ಸಂತ್ಯಾಗ ಕೊಂಡು, ಬರ್ಮಾದಾಗ ಗೆದ್ದೆ ಅಂತ ಹೇಳ್ಯಾನ ಬಿಡ್ರಿ." ಎಲ್ಲಾರೂ ನಗ್ತಾರ. ಅವ್ವ ನಗೂದಿಲ್ಲ. ಅಜ್ಜ ಸಿಪಾಯಿಯಾಗಿ ಬರ್ಮಾ ಯುದ್ಧಕ್ಕ ಹೋಗಿದ್ದ. ಶರಣಾದ ಜಪಾನಿ ಅಧಿಕಾರಿಯ ಕತ್ತಿ ಇದು ಅಂತ ಸಾಯೂತನಕ ಹೇಳಿದ್ದ. ಅವನನ್ನ ಸುಳ್ಳಬುರುಕ ಅಂದಾಗೆಲ್ಲಾ ಅವ್ವನ ಮಾರಿ ಸಣ್ಣದಾಗತಿತ್ತು.

ಈ ಸಲ ನನ್ನ ಪಿತ್ತ ನೆತ್ತಿಗೇರ್ತು. ಮ್ಯೂಸಿಯಂ ಕೆಲಸದಿಂದ ನಿವೃತ್ತರಾದ, ಹಳೇ ಆಯುಧ ಬಲ್ಲ ಒಬ್ಬ ಹಿರಿಯರನ್ನ ಹಬ್ಬದ ದಿನಾನ ಮನಿಗೆ ಕರಕೊಂಡು ಬಂದೆ. "ಕಾಕಾ, ನೀನೂ ಕುಂಡ್ರು. ಇವತ್ತು ಇತ್ಯರ್ಥ ಆಗಿಬಿಡಲಿ" ಅಂದೆ.

ಹಿರಿಯರು ಅಲಗು ನೋಡಿ ಹುಬ್ಬು ಗಂಟಿಕ್ಕಿದ್ರು. ಲಕಲಕ ಹೊಳೀತಿತ್ತು, ನಿನ್ನೆ ಮೊನ್ನೆ ಮಾಡಿದ್ದರಂಗ. ಹಳೇ ಜಪಾನಿ ಅಲಗಿಗೆ ಬಾಯಿಯುದ್ದಕ್ಕೂ ಮಂಜಿನಂಥ ಬಿಳಿ ಗೆರಿ ಇರತೈತಂತ. ಇದರಾಗ ಕಾಣವಲ್ದು. ಕಂಡೀತಾದ್ರೂ ಹೆಂಗ? ತುಕ್ಕು ಹಿಡದ ಖಂಡೆ ಪೂಜಿಗೆ ಇಡಬಾರದು ಅಂತ ಅವ್ವ ಹಬ್ಬ ಹಬ್ಬಕ್ಕ ಹುಣಸಿಹಣ್ಣು, ಬೂದಿ ಹಚ್ಚಿ ಹಿತ್ತಾಳಿ ತಂಬಿಗಿ ತಿಕ್ಕಿದಂಗ ತಿಕ್ಕಿದ್ಲು. ಕತ್ತಿಯ ವಯಸ್ಸೆಲ್ಲಾ ತೊಳದು ಬಚ್ಚಲಕ್ಕ ಬಿಟ್ಟಿದ್ಲು! ಕಾಕಾ ಮೀಸಿ ತಿರುವಿದ.

ಹಿರಿಯರು ಕೈ ಬಿಡಲಿಲ್ಲ. ಹಿಡಿಯೊಳಗಿನ ಬಿದಿರಿನ ಮೊಳಿ ಮೆಲ್ಲಕ ತಟ್ಟಿ ತಗದು, ಹಿಡಿ ಜಗ್ಗಿದ್ರು. ಒಳಗಿನ ಕಬ್ಬಿಣ ಕರ್ರಗ ತುಕ್ಕು ಹಿಡದಿತ್ತು. ಪರರ ಮುಂದ ಅವ್ವಗ ಮಾನ ಹೋದಂಗಾತು. "ಅಯ್ಯ ಶಿವನ, ಇಷ್ಟು ಹೊಲಸ!" ಅಂತ ಹುಣಸಿಹಣ್ಣಿನ ಬಟ್ಟಲಾ ಹಿಡಕೊಂಡು ಓಡಿ ಬಂದ್ಲು.

"ನಕ್ಕೋ ಅಮ್ಮಾ, ಹಾತ್ ನಕ್ಕೋ ಲಗಾವ್!" ಕೈ ಹಚ್ಚಬ್ಯಾಡ ಅಂತ ಹಿರಿಯರು ಚೀರಿದ್ರು.

ಆ ತುಕ್ಕೇ ಸಾಕ್ಷಿಯಂತ! ಅಂಥಾ ಬಣ್ಣ ಬರಾಕ ಮುನ್ನೂರು ವರ್ಷರೇ ಬೇಕಂತ. ಕಮ್ಮಾರ ಉಳಿಯಿಂದ ಕೊರದ ತನ್ನ ಹೆಸರೂ ಇತ್ತು. ಮೊಳಿ ಕೂಡಿಸಾಕ ಆ ಕಬ್ಬಿಣದಾಗ ಎರಡು ತೂತು ಇದ್ವು, ನಡುವ ಯಾವಾಗೋ ಕತ್ತಿ ಗಿಡ್ಡ ಮಾಡಿದ್ದರ ಗುರುತು. ಹಿಡಿ ಮಾತ್ರ ಆ ಯುದ್ಧದ ಕಾಲದ್ದು, ಜಪಾನಿ ಸೈನ್ಯದ್ದು. ಮನಿತನದ ಹಳೇ ಅಲಗಿಗೆ ಸೈನ್ಯದ ಹಿಡಿ ಕೂಡಿಸಿಕೊಂಡು ಅವರ ಅಧಿಕಾರಿಗಳು ಯುದ್ಧಕ್ಕ ಹೋಗ್ತಿದ್ರಂತ. ನುಮಾಯಿಷ್ ಮಾತು ಕೇಳಿ, ಇಂಥಾದ್ದು ಸಂತ್ಯಾಗ ಸಿಗತೈತೇನು ಅಂತ ಹಿರಿಯರು ಹೊಟ್ಟಿ ಹಿಡಕೊಂಡು ನಕ್ಕರು.

ನಾ ಕುಂತಲ್ಲೇ ಚಪ್ಪಾಳಿ ಹೊಡದೆ. ಭಾಳ ಖುಷಿಯಾಗಿತ್ತು, ಯಾಕ ಮುಚ್ಚಿಡಲಿ!

ಅವ್ವ ಕಾಕಾನ ಮುಂದ ಹೋಗಿ ನಿಂತ್ಲು. "ನಮ್ಮಪ್ಪ ಖರೇನ ಹೇಳಿದ್ದ. ಅವನ ಫೋಟೋಕ್ಕ ಕೈ ಮುಗಿ, ಆಮ್ಯಾಲ ಊಟಕ್ಕ ಕುಂಡ್ರು."

ಕಾಕಾ ಎದ್ದ. ಕೈ ಮುಗದು, "ತಪ್ಪಾತ್ರಿ ಮಾವಾರ" ಅಂತ ಗೊಣಗಿದ.

"ಜೋರಾಗಿ ಹೇಳು" ಅಂದ್ಲು ಅವ್ವ. "ಬರ್ಮಾದಾಗ ತೋಪಿನ ಸದ್ದಿಗೆ ಅವನ ಕಿವಿ ಹೋಗಿದ್ವು."